ಆಡು ಮುಟ್ಟದ ಒಂದೇ ಮರ

‘ಆಡು ಮುಟ್ಟದ ಸೊಪ್ಪಿಲ್ಲ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಿತ್ತಲಿನಲ್ಲಿ ನಾಲ್ಕು ಗಿಡಗಳನ್ನು ಅಕ್ಕರೆಯಿಂದ ಬೆಳೆಸಿ, ಬೇಲಿಯ ಸಂದಿನಿಂದ ನುಗ್ಗಿದ ನೆರೆಮನೆಯ ಆಡಿಗೆ ಅವನ್ನು ಒಪ್ಪಿಸಿ ಕುಳಿತ ಯಾವ ಗೃಹಿಣಿಯೂ ಈ ಮಾತನ್ನು ಅಲ್ಲಗಳೆಯಲಾರಳು. ಆದರೆ ಈ ಗಾದೆಯ ಸತ್ಯವನ್ನು ಅತಿ ಕಠೋರವಾಗಿ ಅನುಭವಿಸಿದ ನೆಲವೊಂದು ನಮ್ಮ ನಾಡಿನಿಂದ ಬಹು ದೂರದಲ್ಲಿ, ನ್ಯೂಜಿಲೆಂಡಿನ ಉತ್ತರಕ್ಕೆ, ಸಾಗರದ ನಡುವೆ ಇದೆ. ಅಲ್ಲಿ ಆಡುಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದಿಡೀ ದ್ವೀಪವನ್ನು ಮೇಯ್ದವು. ಕೊನೆಗೆ ಒಂದು ಜಾತಿಯ ಮರಗಳಲ್ಲಿ ಅವುಗಳ ಬಾಯಿಗೆ ಎಟುಕದೆ ಉಳಿದದ್ದು ಒಂದೇ ಒಂದು.

ಆ ಮರದ ಜೊತೆಗಾರ ಮರ ಆ ದ್ವೀಪದಲ್ಲಿ ಇನ್ನೊಂದಿರಲಿಲ್ಲ. ಭೂಮಂಡಲದ ಬೇರೆ ಯಾವ ಮೂಲೆಯಲ್ಲಿಯೂ ಕಂಡುಬರಲಿಲ್ಲ. ಒಂದು ಬಿರುಗಾಳಿ, ಒಂದು ಗುಡ್ಡಕುಸಿತ, ಹಸಿದ ಒಂದು ಆಡಿನ ಸ್ವಲ್ಪ ಹೆಚ್ಚಿನ ಸಾಹಸ, ಇವುಗಳಲ್ಲಿ ಯಾವುದಾದರೊಂದು ನಡೆದಿದ್ದರೂ ಸಾಕಿತ್ತು, ಒಂದು ವಂಶವೇ ಹೆಸರಿಲ್ಲದೆ ಅಳಿದುಹೋಗುತ್ತಿತ್ತು. ಹಾಗಾಗಲಿಲ್ಲ. ಇಂದು ಆ ಮರಕ್ಕೆ ಮಕ್ಕಳಿವೆ, ಮೊಮ್ಮಕ್ಕಳಿವೆ. ಅದು ಸಾಧ್ಯವಾಗುವುದಕ್ಕೆ ಮನುಷ್ಯರು ನಾಲ್ವತ್ತು ವರ್ಷ ಕಾಯಬೇಕಾಯಿತು. ಆ ಕಾಯುವಿಕೆಯ ಕಥೆಯೇ ಈ ಲೇಖನದ ವಸ್ತು.

ಮೂವರು ಅರಸರ ದ್ವೀಪಗಳು

ನ್ಯೂಜಿಲೆಂಡಿನ ಭೂಪಟವನ್ನು ಮುಂದಿಟ್ಟುಕೊಂಡು ಉತ್ತರ ದ್ವೀಪದ ಚಾಚಿದ ಬೆರಳಿನಂಥ ತುದಿಯನ್ನು ನೋಡಿ. ಅಲ್ಲಿ ರೇಯಿಂಗಾ ಎಂಬ ಭೂಶಿರವಿದೆ. ಅಲ್ಲಿಂದ ವಾಯವ್ಯಕ್ಕೆ ಸುಮಾರು ೫೫ ಕಿಲೋಮೀಟರು ದೂರದಲ್ಲಿ, ಟಾಸ್ಮನ್ ಸಮುದ್ರವೂ ಶಾಂತಸಾಗರವೂ ಸಂಧಿಸುವೆಡೆಯಲ್ಲಿ, ಕೆಲವು ಚುಕ್ಕೆಗಳು ಕಾಣುತ್ತವೆ. ಇವೇ ‘ತ್ರೀ ಕಿಂಗ್ಸ್’ ದ್ವೀಪಗಳು. ಎಂದರೆ ಮೂವರು ಅರಸರ ದ್ವೀಪಗಳು. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ವಿಸ್ತಾರ ಸುಮಾರು ೪ ಚದರ ಕಿಲೋಮೀಟರು. ಅದರ ಅತ್ಯುನ್ನತ ಶಿಖರದ ಎತ್ತರ ೨೯೫ ಮೀಟರು. ಸುತ್ತಲೂ ಕಡಿದಾದ ಬಂಡೆಗಳು. ದೋಣಿ ಹಚ್ಚಲು ಒಳ್ಳೆಯ ತೀರ ದುರ್ಲಭ.

ಈ ಹೆಸರು ಬಂದುದಕ್ಕೆ ಒಂದು ಕಾರಣವಿದೆ. ಡಚ್ ನಾವಿಕ ಆಬೆಲ್ ಟಾಸ್ಮನ್ ೧೬೪೨ರ ಡಿಸೆಂಬರಿನಲ್ಲಿ ನ್ಯೂಜಿಲೆಂಡನ್ನು ಕಂಡ. ಅಲ್ಲಿಯ ಮೂಲನಿವಾಸಿಗಳಾದ ಮಾವೋರಿ ಜನರೊಡನೆ ನಡೆದ ಘರ್ಷಣೆಯಲ್ಲಿ ತನ್ನವರಲ್ಲಿ ನಾಲ್ವರನ್ನು ಕಳೆದುಕೊಂಡು ಉತ್ತರಕ್ಕೆ ಸಾಗಿದ. ೧೬೪೩ರ ಜನವರಿಯ ಮೊದಲ ವಾರದಲ್ಲಿ, ಹಡಗುಗಳಿಗೆ ಸಿಹಿನೀರು ತುಂಬಿಕೊಳ್ಳುವ ಆಸೆಯಿಂದ ಈ ದ್ವೀಪದ ಬಳಿ ಲಂಗರು ಹಾಕಿದ. ಅಲೆಗಳ ಹೊಡೆತ ಅವನ ಜನರನ್ನು ದಡ ಹತ್ತಗೊಡಲಿಲ್ಲ. ಮೇಲೆ ಬಂಡೆಗಳ ನೆತ್ತಿಯಲ್ಲಿ ಜನರು ನಿಂತಿರುವುದು ಮಾತ್ರ ಕಂಡಿತು. ಜನವರಿ ೬ನೆಯ ದಿನ, ಶಿಶು ಯೇಸುವನ್ನು ನೋಡಲು ಪೂರ್ವದೇಶದ ಮೂವರು ಅರಸರು ಬಂದರೆಂದು ಕ್ರೈಸ್ತರು ಸ್ಮರಿಸುವ ಹಬ್ಬ. ಟಾಸ್ಮನ್ ಆ ಹಬ್ಬದ ಹೆಸರನ್ನೇ ದ್ವೀಪಕ್ಕೆ ಇಟ್ಟು, ನೀರಿಲ್ಲದೆಯೇ ಹೊರಟುಹೋದ.

ಮಾವೋರಿ ಜನರು ದೊಡ್ಡ ದ್ವೀಪವನ್ನು ಮನವತಾಫಿ ಎನ್ನುತ್ತಾರೆ. ಆ ಮಾತಿಗೆ ದಣಿದ ಉಸಿರು ಎಂದು ಅರ್ಥ ಹೇಳುತ್ತಾರೆ. ಹಿಂದೊಮ್ಮೆ ಒಬ್ಬ ನಾಯಕ ತಾಯ್ನೆಲದಿಂದ ಈಜಿಕೊಂಡೇ ಬಂದು ಏದುಸಿರು ಬಿಡುತ್ತ ಇಲ್ಲಿ ದಡ ಸೇರಿದನೆಂಬ ಐತಿಹ್ಯವಿದೆ. ಅವರ ನಂಬಿಕೆಯಲ್ಲಿ ಈ ದ್ವೀಪಕ್ಕೆ ಮತ್ತೂ ಗಂಭೀರವಾದ ಸ್ಥಾನವಿದೆ. ಸತ್ತವರ ಆತ್ಮಗಳು ರೇಯಿಂಗಾ ಭೂಶಿರದಿಂದ ಸಮುದ್ರಕ್ಕೆ ಇಳಿದು, ಪೂರ್ವಜರ ಲೋಕಕ್ಕೆ ಹೋಗುವ ದಾರಿಯಲ್ಲಿ ಇಲ್ಲಿಯ ಶಿಖರವನ್ನೇರಿ ನಿಂತು, ತಾವು ಬಾಳಿ ಬದುಕಿದ ನೆಲವನ್ನು ಕೊನೆಯ ಸಲ ತಿರುಗಿ ನೋಡುತ್ತವೆಯಂತೆ.

ಇಂಥ ದ್ವೀಪದಲ್ಲಿ, ತಾಯ್ನೆಲದಿಂದ ಬಹು ಕಾಲ ಬೇರ್ಪಟ್ಟಿದ್ದ ಕಾರಣ, ಬೇರೆಲ್ಲೂ ಇಲ್ಲದ ಹಲವು ಸಸ್ಯಗಳು ವಿಕಾಸ ಹೊಂದಿದ್ದವು. ಅಲ್ಲಿ ಮನುಷ್ಯರೂ ಬಹು ಕಾಲ ಬೇಸಾಯ ಮಾಡಿಕೊಂಡಿದ್ದರು. ೧೮೪೦ರ ಸುಮಾರಿಗೆ ಅವರು ದ್ವೀಪವನ್ನು ಬಿಟ್ಟರು. ಬೇಸಾಯಕ್ಕಾಗಿ ಕಾಡು ಸವರಿದ ಜಾಗಗಳಲ್ಲಿ ಮತ್ತೆ ಗಿಡ ಮರ ತಲೆಯೆತ್ತುವ ಕಾಲ ಬಂತು. ಆದರೆ ಆ ಹೊತ್ತಿಗೆ ಹೊಸ ಅತಿಥಿಗಳು ಬಂದಿಳಿದರು.

ನಾಲ್ಕು ಆಡುಗಳು

೧೮೮೯ರಲ್ಲಿ ಈ ದ್ವೀಪದಲ್ಲಿ ನಾಲ್ಕು ಆಡುಗಳನ್ನು ಬಿಡಲಾಯಿತು. ಬಿಟ್ಟವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆ ದಿನಗಳಲ್ಲಿ ಹಡಗು ಒಡೆದು ನಿರ್ಜನ ದ್ವೀಪಗಳಲ್ಲಿ ಸಿಕ್ಕಿಬೀಳುತ್ತಿದ್ದ ಪ್ರಯಾಣಿಕರಿಗೆ ಆಹಾರವಿರಲೆಂದು ಹೀಗೆ ಪ್ರಾಣಿಗಳನ್ನು ಬಿಡುವ ರೂಢಿಯಿತ್ತು. ಆ ಭಯವೂ ಕಾರಣವಿಲ್ಲದ ಭಯವಲ್ಲ. ೧೯೦೨ರ ನವೆಂಬರಿನಲ್ಲಿ ಸಿಡ್ನಿಯಿಂದ ಆಕ್ಲೆಂಡಿಗೆ ಹೊರಟಿದ್ದ ಎಲಿಂಗಮೈಟ್ ಎಂಬ ಹಡಗು ಮಂಜಿನಲ್ಲಿ ದಾರಿ ಕಾಣದೆ ಇದೇ ದ್ವೀಪಸಮೂಹದ ಬಂಡೆಗೆ ಬಡಿದು ಮುಳುಗಿತು. ೪೫ ಮಂದಿ ಪ್ರಾಣ ಬಿಟ್ಟರು.

ಆದರೆ ದಯೆಯಿಂದ ಮಾಡಿದ ಕೆಲಸಕ್ಕೂ ಲೆಕ್ಕ ಬೇಕು. ದ್ವೀಪದಲ್ಲಿ ಆಡುಗಳನ್ನು ಹಿಡಿದು ತಿನ್ನುವ ಮೃಗವಿರಲಿಲ್ಲ, ಕಾಯುವ ಕುರುಬನಿರಲಿಲ್ಲ, ಹೊಲಕ್ಕೆ ಬೇಲಿಯಿರಲಿಲ್ಲ. ನಾಲ್ಕು ಹತ್ತಾದವು, ಹತ್ತು ನೂರಾದವು. ನ್ಯೂಜಿಲೆಂಡಿನ ಕಾಡುಗಳು ಮೊದಲಿನಿಂದಲೂ ಮೇಯುವ ನಾಲ್ಕು ಕಾಲಿನ ಪ್ರಾಣಿಯನ್ನು ಕಂಡವಲ್ಲ. ಬಾವಲಿಗಳನ್ನು ಬಿಟ್ಟರೆ ನೆಲದ ಮೇಲೆ ಬಾಳುವ ಮೂಲದ ಸಸ್ತನಿಗಳೇ ಅಲ್ಲಿರಲಿಲ್ಲ. ಆದ್ದರಿಂದ ಅಲ್ಲಿಯ ಗಿಡಗಳಿಗೆ ಆಡಿನ ಹಲ್ಲಿಗೆ ಎದುರು ನಿಲ್ಲುವ ಸಿದ್ಧತೆಯೂ ಇರಲಿಲ್ಲ.

ಆಡು ದೊಡ್ಡ ಮರವನ್ನು ಬೀಳಿಸುವುದಿಲ್ಲ. ಎಳೆಯ ಮೊಳಕೆಯನ್ನು ತಿನ್ನುತ್ತದೆ. ಇದರಲ್ಲಿಯೇ ಅಪಾಯ ಅಡಗಿರುವುದು. ಹೊರಗಿನಿಂದ ನೋಡಿದವನಿಗೆ ಕಾಡು ಇದ್ದಂತೆಯೇ ಕಾಣುತ್ತದೆ. ಮುದಿ ಮರಗಳು ನಿಂತಿರುತ್ತವೆ, ಹೂ ಬಿಡುತ್ತವೆ, ಹಣ್ಣು ಉದುರಿಸುತ್ತವೆ. ಆದರೆ ನೆಲಕ್ಕೆ ಬಿದ್ದ ಬೀಜ ಎರಡೆಲೆ ಬಿಡುವಷ್ಟರಲ್ಲಿ ಅದನ್ನು ಯಾರೋ ಸವಿದು ಹೋಗಿರುತ್ತಾರೆ. ಮುದುಕರೇ ತುಂಬಿ, ಒಂದು ತೊಟ್ಟಿಲೂ ತೂಗದ ಊರಿನ ಹಾಗೆ. ಮುದಿ ಮರಗಳು ಒಂದೊಂದಾಗಿ ಉರುಳಿದಂತೆ ಅವುಗಳ ಜಾಗದಲ್ಲಿ ಹೊಸದು ಏಳುವುದಿಲ್ಲ.

ಬೇಯ್ಲಿಸ್ ಅವರ ಕಣ್ಣಿಗೆ ಬಿದ್ದದ್ದು

೧೯೪೫ರಲ್ಲಿ, ಎರಡನೆಯ ಮಹಾಯುದ್ಧ ಮುಗಿದ ವರ್ಷದಲ್ಲಿ, ಜೆಫ್ರಿ ಬೇಯ್ಲಿಸ್ ಎಂಬ ಸಸ್ಯಶಾಸ್ತ್ರಜ್ಞರು ಈ ದ್ವೀಪದಲ್ಲಿ ಸಸ್ಯಸಂಗ್ರಹ ನಡೆಸಿದರು. ಮುಂದೆ ಅವರು ಓಟಾಗೋ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿ, ಮರಗಳ ಬೇರುಗಳೊಡನೆ ಸಹಜೀವನ ನಡೆಸುವ ಶಿಲೀಂಧ್ರಗಳ ಅಧ್ಯಯನದಿಂದ ಪ್ರಸಿದ್ಧರಾದರು. ದ್ವೀಪದ ಬಂಡೆಗಲ್ಲುಗಳು ಉರುಳಿ ಬಿದ್ದಿದ್ದ ಒಂದು ಕಡಿದಾದ ಇಳಿಜಾರಿನಲ್ಲಿ, ಬುಡದಿಂದಲೇ ಹಲವು ಕಾಂಡಗಳಾಗಿ ಕವಲೊಡೆದ ಒಂದು ಮರ ಅವರ ಕಣ್ಣಿಗೆ ಬಿತ್ತು. ಅದರ ಎಲೆಗಳು ಅವರಿಗೆ ಪರಿಚಿತವಾದ ಯಾವ ಮರದ ಎಲೆಗಳಂತೆಯೂ ಇರಲಿಲ್ಲ.

ಎಲೆಯೊಂದು ಸುಮಾರು ೧೨ರಿಂದ ೧೬ ಸೆಂಟಿಮೀಟರು ಉದ್ದ, ೭ರಿಂದ ೧೦ ಸೆಂಟಿಮೀಟರು ಅಗಲ. ಚರ್ಮದಂತೆ ದಪ್ಪ, ಕಡು ಹಸಿರು, ಎಣ್ಣೆ ಸವರಿದಂತಹ ಹೊಳಪು. ಅಂಚುಗಳು ಕೆಳಮುಖವಾಗಿ ಸುರುಳಿಗೊಂಡಿರುವುದು ಅದರ ವಿಶೇಷ ಲಕ್ಷಣ. ವರ್ಷವಿಡೀ ಎಲೆ ತುಂಬಿಕೊಂಡಿರುವ ನಿತ್ಯಹರಿದ್ವರ್ಣದ ಮರ. ಸಣ್ಣ ಸಣ್ಣ ಬಿಳಿಹಸಿರು ಹೂಗಳು ನಮ್ಮ ಹಲಸಿನ ಮರದಲ್ಲಿ ಮಿಡಿ ಬಿಡುವಂತೆ ಎಲೆಗಳ ಕೆಳಗಿನ ಬಲಿತ ಕೊಂಬೆಗಳ ಮೇಲೆಯೇ ಗೊಂಚಲಾಗಿ ಮೂಡುತ್ತವೆ.

ಆ ದ್ವೀಪದಲ್ಲಿ ದೊಡ್ಡ ಎಲೆಯ ಮರ ಇದೊಂದೇ ಅಲ್ಲ. ಪುಕಾ ಎಂಬ ಮತ್ತೊಂದು ಮರದ ಎಲೆ ಅರ್ಧ ಮೀಟರು ಉದ್ದಕ್ಕೂ ಬೆಳೆಯುತ್ತದೆ. ಊಟದ ಬಾಳೆ ಎಲೆಯ ತುಂಡನ್ನು ನೆನಪಿಗೆ ತರುತ್ತದೆ. ಅದೂ ಮೂಲದಲ್ಲಿ ಈ ಮೂವರು ಅರಸರ ದ್ವೀಪಗಳಿಗೂ, ಉತ್ತರ ದ್ವೀಪದ ಪೂರ್ವ ತೀರದಾಚೆಯ ಇನ್ನೊಂದು ಸಣ್ಣ ದ್ವೀಪಸಮೂಹಕ್ಕೂ ಸೇರಿದ್ದು. ಆದರೆ ಅದು ಬೇಗ ತೋಟಗಾರರ ಕಣ್ಣಿಗೆ ಬಿದ್ದು, ಇಂದು ಆಕ್ಲೆಂಡ್ ನಗರದ ಮನೆಗಳಂಗಳದಲ್ಲಿ ಸಾಮಾನ್ಯವಾಗಿದೆ. ಒಂದೇ ತವರಿನ ಎರಡು ಹೆಣ್ಣುಮಕ್ಕಳಲ್ಲಿ ಒಬ್ಬಳು ಪಟ್ಟಣ ಸೇರಿ ಸುಖವಾಗಿದ್ದರೆ, ಇನ್ನೊಬ್ಬಳು ಇರುವ ಸುದ್ದಿಯೇ ಲೋಕಕ್ಕೆ ತಿಳಿದಿರಲಿಲ್ಲ.

ಬೇಯ್ಲಿಸ್ ಅವರು ಹುಡುಕಿದರು. ಅವರ ಅನಂತರ ಬಂದವರೂ ಹುಡುಕಿದರು. ಎರಡನೆಯ ಮರ ಸಿಗಲಿಲ್ಲ.

ಮರುವರ್ಷವೇ, ಎಂದರೆ ೧೯೪೬ರಲ್ಲಿ, ದ್ವೀಪದ ಆಡುಗಳನ್ನು ಗುಂಡಿಟ್ಟು ನಿರ್ಮೂಲ ಮಾಡಲಾಯಿತು. ಅವುಗಳ ಸಂಖ್ಯೆ ೩೯೩ ಎಂದು ದಾಖಲೆಯಾಗಿದೆ. ತಾವಾಗಿ ಬಾರದೆ, ಮನುಷ್ಯನು ತಂದು ಬಿಟ್ಟ ಕಡೆ ಮೇಯ್ದುಕೊಂಡಿದ್ದ ಆ ಮೂಕ ಪ್ರಾಣಿಗಳ ಮೇಲೆ ನಮಗೆ ಕನಿಕರ ಹುಟ್ಟುವುದು ಸಹಜ. ನಾಲ್ಕರ ತಪ್ಪನ್ನು ಸರಿಪಡಿಸುವುದಕ್ಕೆ ಮುನ್ನೂರ ತೊಂಬತ್ತಮೂರರ ಪ್ರಾಣ ಹೋಯಿತು. ಅದೇ ವರ್ಷ ಅಲ್ಲಿಯೇ ಒಂದು ಬಳ್ಳಿಯೂ ಪತ್ತೆಯಾಯಿತು. ನಮ್ಮ ಆಕಾಶಮಲ್ಲಿಗೆಯ ಕುಟುಂಬಕ್ಕೆ ಸೇರಿದ, ಕೆನೆಬಣ್ಣದ ಹೂ ಬಿಡುವ ಆ ಟೆಕೊಮಾಂಥೆ ಬಳ್ಳಿಯೂ ಇಡೀ ದ್ವೀಪದಲ್ಲಿ ಒಂದೇ ಒಂದು ಉಳಿದಿತ್ತು. ಇನ್ನು ಕೆಲವು ವರ್ಷ ತಡವಾಗಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಯಾರ ಮನೆಯ ಮಗಳು?

ಮರ ಸಿಕ್ಕಿತು, ಅದು ಯಾವ ಕುಲದ್ದು? ವೆಲಿಂಗ್ಟನ್ನಿನ ಡೊಮಿನಿಯನ್ ಮ್ಯೂಸಿಯಮ್ಮಿನ ನಿರ್ದೇಶಕರಾಗಿದ್ದ ವಾಲ್ಟರ್ ಆಲಿವರ್ ಅವರು ೧೯೪೮ರಲ್ಲಿ ಇದಕ್ಕೆಂದೇ ಒಂದು ಹೊಸ ಕುಲವನ್ನು ಕಲ್ಪಿಸಿ, ಕಂಡುಹಿಡಿದವರ ಗೌರವಾರ್ಥವಾಗಿ ‘ಪ್ಲೆಕ್ಟೊಮಿರ್ಥಾ ಬೇಯ್ಲಿಸಿಯಾನಾ’ ಎಂದು ನಾಮಕರಣ ಮಾಡಿದರು. ಆದರೆ ಹೂವು, ಹಣ್ಣುಗಳ ರಚನೆಯನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಂತೆ ಅದಕ್ಕೆ ನೆಂಟರಿರುವುದು ಸ್ಪಷ್ಟವಾಯಿತು. ೧೯೭೭ರಲ್ಲಿ ಬೇಯ್ಲಿಸ್ ಅವರೇ ಅದನ್ನು ‘ಪೆನಾಂಟಿಯಾ’ ಕುಲಕ್ಕೆ ಸೇರಿಸಿದರು. ಕ್ಯಾಪ್ಟನ್ ಕುಕ್ಕನ ಎರಡನೆಯ ಯಾನದಲ್ಲಿ ಸಂಗ್ರಹಿಸಿದ ಸಸ್ಯಗಳ ಆಧಾರದಿಂದ ಫಾರ್ಸ್ಟರ್ ತಂದೆ ಮಕ್ಕಳು ೧೭೭೬ರಲ್ಲಿ ಪ್ರಕಟಿಸಿದ್ದ ಕುಲ ಅದು.

ಈ ಕುಲದಲ್ಲಿ ಇರುವುದು ನಾಲ್ಕೇ ಜಾತಿ. ಒಂದು ಆಸ್ಟ್ರೇಲಿಯದ ಪೂರ್ವದ ಮಳೆಕಾಡುಗಳದ್ದು. ಒಂದು ನಾರ್ಫೋಕ್ ದ್ವೀಪದ್ದು. ಒಂದು ನ್ಯೂಜಿಲೆಂಡ್ ತಾಯ್ನೆಲದ ಕೈಕೊಮಾಕೊ. ನಾಲ್ಕನೆಯದು ಈ ಒಂಟಿ ಮರ. ನಮ್ಮ ಮರವೂ ನಾರ್ಫೋಕ್ ದ್ವೀಪದ ಮರವೂ ಒಂದೇ ಎಂದು ವಾದಿಸಿದ ಪಂಡಿತರಿದ್ದರು. ಅವರ ಮಾತು ನಿಜವಾಗಿದ್ದರೆ ಈ ಮರಕ್ಕೆ ಬೇರೊಂದು ದ್ವೀಪದಲ್ಲಿ ಸ್ವಂತ ಬಳಗವೇ ದೊರೆಯುತ್ತಿತ್ತು. ಆದರೆ ೨೦೦೨ರಲ್ಲಿ ಪ್ರಕಟವಾದ ಈ ಕುಲದ ಸಮಗ್ರ ಪರಿಶೀಲನೆ ಅವೆರಡನ್ನೂ ಬೇರೆ ಬೇರೆ ಜಾತಿಗಳೆಂದೇ ತೀರ್ಮಾನಿಸಿತು.

ತಾಯ್ನೆಲದ ಕೈಕೊಮಾಕೊ ಮಾವೋರಿ ಜನರ ಬದುಕಿನಲ್ಲಿ ಬಹಳ ಬೆಲೆಯುಳ್ಳ ಮರ. ‘ಕೈ’ ಎಂದರೆ ಅವರ ಭಾಷೆಯಲ್ಲಿ ಆಹಾರ. ‘ಕೊಮಾಕೊ’ ಎಂದರೆ ಗಂಟೆಯ ನಾದದಂತೆ ಇಂಪಾಗಿ ಉಲಿಯುವ ಒಂದು ಹಕ್ಕಿ. ಆ ಹಕ್ಕಿ ಅದರ ಹಣ್ಣನ್ನು ತಿನ್ನುವುದರಿಂದ ಆ ಹೆಸರು. ಮಾವೋರಿಗಳು ಬೆಂಕಿ ಹುಟ್ಟಿಸುತ್ತಿದ್ದುದೂ ಈ ಮರದ ಗಟ್ಟಿ ಕಡ್ಡಿಯನ್ನು ಇನ್ನೊಂದು ಮೃದುವಾದ ಮರದ ತುಂಡಿನ ಮೇಲೆ ಉಜ್ಜಿ. ವೀರನಾದ ಮಾಉಯಿ ಅಗ್ನಿದೇವತೆ ಮಹುಇಕಳನ್ನು ಕಾಡಿ ಅವಳ ಬೆಂಕಿಯನ್ನೆಲ್ಲ ಕಳೆದಾಗ, ಅವಳು ಕೊನೆಯ ಕಿಡಿಗಳನ್ನು ಕೆಲವು ಮರಗಳಲ್ಲಿ ಅಡಗಿಸಿಟ್ಟಳೆಂದೂ, ಕೈಕೊಮಾಕೊ ಅವುಗಳಲ್ಲಿ ಒಂದೆಂದೂ ಅವರ ಪುರಾಣ ಹೇಳುತ್ತದೆ. ಯಜ್ಞಕ್ಕೆ ಅರಣಿಯನ್ನು ಕಡೆದು ಅಗ್ನಿಯನ್ನು ಎಬ್ಬಿಸುವುದನ್ನು ಬಲ್ಲ ನಮಗೆ ಈ ಕಥೆ ಹೊಸದೆನ್ನಿಸುವುದಿಲ್ಲ.

ಕೈಕೊಮಾಕೊ ಎಳೆಯದರಲ್ಲಿ ಸಿಕ್ಕುಗಟ್ಟಿದ ಕಡ್ಡಿಗಳ ಪೊದೆಯಂತಿದ್ದು, ಬೆರಳುಗುರಿನಂಥ ಪುಟ್ಟ ಎಲೆಗಳನ್ನು ಹೊತ್ತಿರುತ್ತದೆ. ಹಿಂದೆ ಆ ದೇಶದಲ್ಲಿದ್ದ ಮೋವಾ ಎಂಬ ಬೃಹದಾಕಾರದ ಪಕ್ಷಿಗಳ ಕೊಕ್ಕಿನಿಂದ ಪಾರಾಗಲು ಗಿಡ ಈ ರೂಪ ತಾಳಿತೆಂದು ಕೆಲವು ವಿಜ್ಞಾನಿಗಳು ಊಹಿಸುತ್ತಾರೆ. ಅದರ ದ್ವೀಪವಾಸಿ ತಂಗಿಗೆ ಅಂಥ ಸಿಕ್ಕಿಲ್ಲ, ಸಂಕೋಚವಿಲ್ಲ. ಮೊದಲಿನಿಂದಲೂ ಅಗಲವಾದ ಎಲೆಗಳನ್ನು ಧಾರಾಳವಾಗಿ ಹರಡುತ್ತದೆ. ಆಡಿನ ಮುಂದೆ ಆ ಧಾರಾಳವೇ ಅದಕ್ಕೆ ಮುಳುವಾಯಿತು.

ಹಣ್ಣಿಲ್ಲದ ನಾಲ್ವತ್ತು ವರ್ಷ

ಪರಂಗಿ ಬೆಳೆದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಕೆಲವು ಪರಂಗಿ ಮರಗಳು ಹೆಣ್ಣು, ಕೆಲವು ಗಂಡು. ಗಂಡು ಮರ ಬರೀ ಹೂ ಬಿಟ್ಟು ಕಾಯಿ ಕಟ್ಟುವುದಿಲ್ಲ. ಅಂಥ ಹೆಣ್ಣು ಮರದ ಹಣ್ಣಿನಲ್ಲಿ ಬೀಜ ಕಟ್ಟಬೇಕಾದರೆ ಗಂಡು ಹೂವಿನ ಪರಾಗ ಬೇಕು. ಪೆನಾಂಟಿಯಾ ಮರಗಳಲ್ಲಿಯೂ ಹೀಗೆಯೇ ಹೆಣ್ಣು ಗಂಡುಗಳ ಭೇದವುಂಟು. ದ್ವೀಪದಲ್ಲಿ ಉಳಿದಿದ್ದ ಮರ ಹೆಣ್ಣು. ಗಂಡು ಲೋಕದಲ್ಲಿ ಎಲ್ಲಿಯೂ ಇರಲಿಲ್ಲ.

ಬೇಯ್ಲಿಸ್ ಅವರು ಮಾಡಬಹುದಾದ ಒಂದು ಕೆಲಸವಿತ್ತು. ಅದನ್ನು ಅವರು ಮಾಡಿದರು. ನಾವು ದಾಸವಾಳದ ಕಡ್ಡಿಯನ್ನು ಮುರಿದು ನೆಡುವಂತೆ, ಮರದಿಂದ ತುಂಡುಗಳನ್ನು ತಂದು ತಾಯ್ನೆಲದಲ್ಲಿ ಬೇರು ಬರಿಸಿದರು. ದಾಸವಾಳದಷ್ಟು ಸುಲಭವಾಗಿ ಅದು ಒಲಿಯಲಿಲ್ಲ, ಆದರೂ ಒಲಿಯಿತು. ಆ ಗಿಡಗಳಿಂದ ಮತ್ತೆ ಕಡ್ಡಿ ತೆಗೆದು ಇನ್ನಷ್ಟು ಗಿಡಗಳಾದವು. ಕ್ರಮೇಣ ನ್ಯೂಜಿಲೆಂಡಿನ ಹಲವು ತೋಟಗಳಲ್ಲಿ ಹೊಳೆಯುವ ದೊಡ್ಡ ಎಲೆಗಳ ಈ ಮರ ಶೋಭಿಸತೊಡಗಿತು.

ನೋಡಿದವರಿಗೆ, ಅಪಾಯ ಕಳೆಯಿತು, ಮರಗಳು ಹತ್ತಾರಾದವು ಎನ್ನಿಸಬಹುದು. ಆದರೆ ಆ ಹತ್ತಾರೂ ಒಂದೇ ಮರ. ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಮಾರುಕಟ್ಟೆಗೆ ಬರುವ ರಸಪುರಿ ಮಾವಿನಹಣ್ಣನ್ನು ನೆನೆದುಕೊಳ್ಳಿ. ಕಸಿ ಕಟ್ಟಿ ಬೆಳೆಸಿದ ರಸಪುರಿ ಮರಗಳು ಹಿಂದೆಂದೋ ಇದ್ದ ತಾಯಿಮರದ ಕೊಂಬೆಯ ಕೊಂಬೆಯ ಕೊಂಬೆಗಳು. ಆದ್ದರಿಂದಲೇ ಎಲ್ಲದರ ರುಚಿಯೂ ಒಂದೇ. ತೋಟಗಾರನಿಗೆ ಇದು ವರ. ಒಂದು ಜಾತಿಯ ಉಳಿವಿಗೆ ಇದೇ ಶಾಪ. ಒಂದು ಗಿಡವನ್ನು ಕೊಲ್ಲಬಲ್ಲ ರೋಗ ಎಲ್ಲ ಗಿಡಗಳನ್ನೂ ಕೊಲ್ಲಬಲ್ಲದು. ಒಂದು ಹೆಣ್ಣಾದರೆ ಎಲ್ಲವೂ ಹೆಣ್ಣೇ. ಆ ಗಿಡಗಳು ಬೆಳೆದವು, ಬಲಿತವು, ಹೂ ಬಿಟ್ಟವು. ಬೀಜದಿಂದ ಹುಟ್ಟಿದ ಒಂದು ಸಸಿಯನ್ನೂ ಯಾರೂ ಕಾಣಲಿಲ್ಲ. ಗಿನ್ನೆಸ್ ದಾಖಲೆಗಳ ಪುಸ್ತಕ ಇದನ್ನು ಲೋಕದ ಅತಿ ವಿರಳವಾದ ಮರವೆಂದು ಹೆಸರಿಸಿತು. ಕೀರ್ತಿ ಬಂತು, ಸಂತಾನ ಬರಲಿಲ್ಲ.

ಇಂಥದೇ ವಿಧಿ ಇನ್ನೊಂದು ಸಸ್ಯಕ್ಕೂ ಒದಗಿದೆ. ದಕ್ಷಿಣ ಆಫ್ರಿಕದ ಂಗೋಯೆ ಕಾಡಿನಲ್ಲಿ ೧೮೯೫ರಲ್ಲಿ ಜಾನ್ ಮೆಡ್ಲಿ ವುಡ್ ಎಂಬ ಸಸ್ಯಶಾಸ್ತ್ರಜ್ಞರು, ತಾಳೆಯಂತೆ ಕಾಣುವ ಸೈಕಾಡ್ ಗುಂಪಿನ ಒಂದು ಗಿಡವನ್ನು ಕಂಡರು. ಅದು ಗಂಡು. ಅದರ ಮರಿಗಿಡಗಳು ಇಂದು ಲಂಡನ್ನಿನ ಕ್ಯೂ ತೋಟವೂ ಸೇರಿ ಅನೇಕ ಉದ್ಯಾನಗಳಲ್ಲಿವೆ. ಎಲ್ಲವೂ ಗಂಡೇ. ನೂರಕ್ಕೂ ಹೆಚ್ಚು ವರ್ಷ ಹುಡುಕಿದರೂ ಹೆಣ್ಣು ಸಿಕ್ಕಿಲ್ಲ. ಮೂವರು ಅರಸರ ದ್ವೀಪದ ಮರದ ಕಥೆಯೂ ಹೀಗೆಯೇ ಮುಗಿಯುವುದೆಂದು ಹಲವರು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಹೆಣ್ಣು ಹೂವಿನ ಗುಟ್ಟು

ಪ್ರಕೃತಿಯಲ್ಲಿ ಹೆಣ್ಣು ಗಂಡುಗಳ ನಡುವಣ ಗೆರೆ ನಾವು ಭಾವಿಸುವಷ್ಟು ಖಚಿತವಾದದ್ದಲ್ಲ. ಗಂಡು ಪರಂಗಿಯೂ ಒಮ್ಮೊಮ್ಮೆ ಉದ್ದ ತೊಟ್ಟಿನ ತುದಿಯಲ್ಲಿ ಒಂದೆರಡು ಕಾಯಿ ಬಿಟ್ಟು ನಮ್ಮನ್ನು ಬೆರಗುಗೊಳಿಸುವುದುಂಟು. ಆಕ್ಲೆಂಡಿನ ಮೌಂಟ್ ಆಲ್ಬರ್ಟಿನಲ್ಲಿದ್ದ ಸರ್ಕಾರಿ ಸಂಶೋಧನಾಲಯದ ವಿಜ್ಞಾನಿ ರಾಸ್ ಬೀವರ್ ಅವರು ಈ ಮರದ ಹೂಗಳನ್ನು ತಾಳ್ಮೆಯಿಂದ ಪರೀಕ್ಷಿಸಿದರು. ಹೆಸರಿಗೆ ಹೆಣ್ಣಾದರೂ ಅವುಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಜೀವವುಳ್ಳ ಪರಾಗವಿತ್ತು. ಆದರೆ ಅಷ್ಟರಿಂದಲೇ ಕಾಯಿ ನಿಲ್ಲುತ್ತಿರಲಿಲ್ಲ.

ಹೂವು ಕಾಯಾಗುವ ಹೊತ್ತಿನಲ್ಲಿ ಗಿಡದ ಒಳಗೆ ಒಂದು ಲೆಕ್ಕಾಚಾರ ನಡೆಯುತ್ತದೆ. ಬೀಜ ಕಟ್ಟುತ್ತಿದೆಯೆಂಬ ಸೂಚನೆಯನ್ನು ಸಾರುವ ರಾಸಾಯನಿಕ ಚೋದಕಗಳು ಸಾಕಷ್ಟಿದ್ದರೆ ಗಿಡ ಆ ಮಿಡಿಯನ್ನು ಪೋಷಿಸುತ್ತದೆ. ಇಲ್ಲವಾದರೆ ತೊಟ್ಟು ಕಳಚಿ ಉದುರಿಸುತ್ತದೆ. ಬೀವರ್ ಅವರು ೧೯೮೫ರಲ್ಲಿ ಹೂಗಳಿಗೆ ಇಂಥ ಚೋದಕವನ್ನು ಹೊರಗಿನಿಂದ ಒದಗಿಸಿದರು. ಉದುರಬೇಕಾಗಿದ್ದ ಮಿಡಿಗಳು ನಿಂತವು, ಬೆಳೆದವು, ಹಣ್ಣಾದವು. ಸುಮಾರು ಒಂದು ಸೆಂಟಿಮೀಟರು ಉದ್ದದ, ಮಾಗಿದಾಗ ನೇರಳೆ ಬಣ್ಣ ತಾಳುವ ಪುಟ್ಟ ಹಣ್ಣುಗಳು. ಅವುಗಳಲ್ಲಿ ಕೆಲವು ಬೀಜಗಳು ನಿಜವಾಗಿಯೂ ಮೊಳೆತವು.

ಬೆರಳೆಣಿಕೆಯಷ್ಟೇ ಸಸಿಗಳು. ಆದರೆ ಒಂಟಿ ಮರ ಪತ್ತೆಯಾದ ಮೇಲೆ ನಾಲ್ವತ್ತು ವರ್ಷ ಕಳೆದು ಹುಟ್ಟಿದ ಮೊದಲ ಮಕ್ಕಳು ಅವು. ಆ ಸಸಿಗಳು ಮರಗಳಾಗಿ ಹೂ ಬಿಟ್ಟಾಗ ಮತ್ತೊಂದು ಸಂತೋಷದ ಸಂಗತಿ ತಿಳಿದುಬಂತು. ತಾಯಿಯಂತೆ ಅವು ಹಟ ಹಿಡಿಯಲಿಲ್ಲ. ಚೋದಕದ ಉಪಚಾರವಿಲ್ಲದೆಯೇ, ತಮ್ಮ ಪರಾಗದಿಂದ ತಾವೇ ಹಣ್ಣು ಕಟ್ಟಬಲ್ಲವಾಗಿದ್ದವು. ಮೊಮ್ಮಕ್ಕಳು ನೂರಾರು ಸಂಖ್ಯೆಯಲ್ಲಿ ಹುಟ್ಟಿ ಸಸ್ಯಾಗಾರಗಳನ್ನು ಸೇರಿದವು. ೧೯೪೫ರಲ್ಲಿ ಮರವನ್ನು ಕಂಡ ಬೇಯ್ಲಿಸ್ ಅವರು ೨೦೦೩ರವರೆಗೆ ಬದುಕಿದ್ದರು. ತಾವು ಕಡ್ಡಿ ತಂದು ಉಳಿಸಿದ ಮರದ ಸಂತಾನವನ್ನು ಕಾಣುವ ಕಾಲ ಅವರಿಗೆ ದೊರೆಯಿತು.

ತವರಿಗೆ ಮರಳುವ ದಾರಿ

ಹಾಗಾದರೆ ಕುಂಡಗಳಲ್ಲಿ ಬೆಳೆದ ಸಸಿಗಳನ್ನು ಹಡಗಿಗೆ ಹಾಕಿ ದ್ವೀಪಕ್ಕೆ ಒಯ್ದು ನೆಟ್ಟುಬಿಡಬಾರದೆ ಎಂದು ಓದುಗರು ಕೇಳಬಹುದು. ೧೮೮೯ರಲ್ಲಿ ನಾಲ್ಕು ಆಡುಗಳನ್ನು ಬಿಟ್ಟವರು ಮಾಡಿದ್ದು ಇಂಥದೇ ಅವಸರವನ್ನಲ್ಲವೆ? ಸಸ್ಯಾಗಾರದ ಕುಂಡದ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಶಿಲೀಂಧ್ರಗಳೂ ಬೇರು ಕೊಳೆಸುವ ರೋಗಾಣುಗಳೂ ಇರಬಹುದು. ಅವು ದ್ವೀಪವನ್ನು ಸೇರಿದರೆ, ಅಲ್ಲಿ ಇನ್ನೂ ನಿಂತಿರುವ ತಾಯಿಮರಕ್ಕೇ ಮಕ್ಕಳು ಮೃತ್ಯುವನ್ನು ತಂದಂತಾಗುತ್ತದೆ. ಆದ್ದರಿಂದ ಗಿಡಗಳಿಗಿಂತ ಶುದ್ಧಗೊಳಿಸಿದ ಬೀಜಗಳನ್ನೇ ದ್ವೀಪಕ್ಕೆ ಒಯ್ದು ಬಿತ್ತುವ ಎಚ್ಚರಿಕೆಯ ದಾರಿಯನ್ನು ಸಂರಕ್ಷಕರು ಹಿಡಿದರು.

ಇತ್ತೀಚಿನ ವರ್ಷಗಳಲ್ಲಿ ಈ ಕಾರ್ಯಕ್ಕೆ ಅತ್ಯಂತ ಯೋಗ್ಯವಾದ ಕೈಗಳು ಸೇರಿವೆ. ಈ ದ್ವೀಪಗಳೊಡನೆಯೂ ರೇಯಿಂಗಾ ಭೂಶಿರದ ಸುತ್ತಣ ನೆಲದೊಡನೆಯೂ ವಂಶಪಾರಂಪರ್ಯದ ನಂಟುಳ್ಳ ಮಾವೋರಿ ಪಂಗಡದ ಹೆಸರು ಂಗಾತಿ ಕುರಿ. (ನಮ್ಮ ಕಿವಿಗೆ ಆ ಹೆಸರು ಆಡಿನ ನೆಂಟನನ್ನು ನೆನಪಿಸಿ ನಗು ತರಿಸಬಹುದು, ಅವರ ಭಾಷೆಯಲ್ಲಿ ‘ಕುರಿ’ ಎಂದರೆ ನಾಯಿ.) ಅವರು ಈ ಮರದ ಸಸಿಗಳನ್ನು ತಮ್ಮ ನೆಲದಲ್ಲಿ ನೆಟ್ಟು ಬೆಳೆಸುತ್ತಿದ್ದಾರೆ. ತಮ್ಮ ಹಿರಿಯರ ಆತ್ಮಗಳು ಕೊನೆಯ ಸಲ ಹಿಂತಿರುಗಿ ನೋಡುವ ದ್ವೀಪದಲ್ಲಿ ಒಂಟಿಯಾಗಿದ್ದ ಮರ ಅವರಿಗೆ ಬರಿಯ ಸಸ್ಯಶಾಸ್ತ್ರದ ವಿಷಯವಾಗಿ ಉಳಿಯಲಾರದು.

ದ್ವೀಪವೂ ಈಗ ಹಳೆಯ ಬೋಳು ದ್ವೀಪವಲ್ಲ. ಆಡುಗಳು ಹೋದ ಮೇಲೆ ಇಳಿಜಾರುಗಳಲ್ಲಿ ಕಾನುಕಾ ಎಂಬ ಗಟ್ಟಿ ಮರಗಳು ಎದ್ದು ನೆರಳು ಹಿಡಿದವು. ಆ ನೆರಳಿನಲ್ಲಿ ಇತರ ಗಿಡಗಳು ಮೆಲ್ಲಗೆ ತಲೆಯೆತ್ತಿದವು. ಮೊಳಕೆ ಚಿಗುರಿದರೆ ತಿಂದುಹಾಕುವವರು ಈಗ ಇಲ್ಲ.

ಹಾಗೆಂದು ಎಲ್ಲವೂ ಸುಖಾಂತವಾಯಿತೆಂದು ಹೇಳಿಬಿಡುವುದು ಸರಿಯಾಗದು. ಈ ಮಕ್ಕಳೂ ಮೊಮ್ಮಕ್ಕಳೂ ಎಲ್ಲರೂ ಒಬ್ಬಳೇ ತಾಯಿಯಿಂದ ಬಂದವರು. ತಂದೆಯ ಕಡೆಯಿಂದ ಬಂದ ಹೊಸ ಗುಣವೊಂದೂ ಅವರಲ್ಲಿಲ್ಲ. ಇಸ್ಪೀಟಿನ ಒಂದೇ ಕಟ್ಟನ್ನು ಎಷ್ಟು ಸಲ ಕಲಸಿ ಹಂಚಿದರೂ ಕೈಗೆ ಬರುವ ಎಲೆಗಳ ಜೋಡಣೆ ಬದಲಾಗುತ್ತದೆಯೇ ಹೊರತು, ಕಟ್ಟಿನಲ್ಲಿಲ್ಲದ ಎಲೆ ಬರುವುದಿಲ್ಲ. ಆಡುಗಳು ಬರುವ ಮೊದಲು ಆ ಜಾತಿಯ ಇತರ ಮರಗಳಲ್ಲಿ ಯಾವ ಯಾವ ಗುಣಗಳಿದ್ದುವೋ, ಯಾವುದು ಬರಗಾಲವನ್ನು ತಾಳುತ್ತಿತ್ತೋ, ಯಾವುದು ರೋಗವನ್ನು ಎದುರಿಸುತ್ತಿತ್ತೋ, ಅವೆಲ್ಲ ಆಡಿನ ಹೊಟ್ಟೆ ಸೇರಿ ಹೋದವು. ಅವನ್ನು ಯಾವ ವಿಜ್ಞಾನಿಯೂ ಮರಳಿ ತರಲಾರ. ಒಂದು ಜಾತಿಯನ್ನು ಒಂದೇ ಮರಕ್ಕೆ ಇಳಿಯಗೊಟ್ಟ ಮೇಲೆ ಉಳಿಸುವುದಕ್ಕಿಂತ, ನೂರು ಮರಗಳಿದ್ದಾಗಲೇ ಒಂದು ಬೇಲಿ ಕಟ್ಟುವುದು ಎಷ್ಟೋ ಸುಲಭ.

ಆ ತಾಯಿಮರ ಎಷ್ಟು ವರ್ಷದಿಂದ ಅಲ್ಲಿದೆಯೋ, ಅದರ ಕೊನೆಯ ಸಂಗಾತಿ ಯಾವಾಗ ಒಣಗಿತೋ, ಹೇಳಬಲ್ಲವರಿಲ್ಲ. ಆದರೆ ಪ್ರತಿ ವರ್ಷವೂ ಅದು ತಪ್ಪದೆ ಹೂ ಬಿಡುತ್ತ ಬಂದಿತ್ತು. ಕೆಳಗೆ ಆಡುಗಳು ಮೇಯುತ್ತಿದ್ದವು; ಮೇಲೆ ಕಲ್ಲುಗಳ ನಡುವೆ ಅದು ಹೂ ಬಿಟ್ಟು ಉದುರಿಸುತ್ತಿತ್ತು. ಇಂದು ಕಡಲಿನಾಚೆಯ ತಾಯ್ನೆಲದಲ್ಲಿ ಅದರ ಮೊಮ್ಮಕ್ಕಳು ಹೊಳೆಯುವ ದೊಡ್ಡ ಎಲೆಗಳನ್ನು ಬಿಚ್ಚುತ್ತಿವೆ. ಅವುಗಳ ಸುತ್ತ, ಓದುಗರು ಸಮಾಧಾನ ಪಡಲಿ, ಬೇಲಿ ಹಾಕುವುದನ್ನು ಕಲಿತ ಜನರಿದ್ದಾರೆ.